ಏಕವಚನದಲ್ಲಿ ನಿಂತಿದ್ದ ಆರೋಪಿ

ಮೂರು ವರ್ಷಗಳಿಂದ ಬರೆಯುತ್ತಿದ್ದ ನನ್ನ ಕಾದಂಬರಿಯ ವಿಚಾರಣೆಯ ಅಧ್ಯಾಯವನ್ನು ಒಂದು ಭಾನುವಾರ ಮಧ್ಯಾಹ್ನ ಗೆಳತಿಯೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅದು ಕರಾಳ ಫ್ಯಾಂಟಸಿ. ದೀಪದ ಮುಂದೆ ನಿಂತರೂ ನೆರಳು ಬೀಳದ ಒಂದು ಕುಲ, ಬಾವಿ ಬತ್ತಿದರೂ ಕೂಸು ಸತ್ತರೂ ಆ ಕುಲದತ್ತಲೇ ಬೆರಳು ತೋರಿಸುವ ಒಂದು ಊರು. ಪೂರ್ವಗ್ರಹ ಹೇಗೆ ಅನ್ಯಾಯವಾಗಿ ಬೆಳೆಯುತ್ತದೆ ಎಂಬುದನ್ನು ತೋರಿಸುವ ಹೆಬ್ಬಯಕೆ ನನ್ನದಾಗಿತ್ತು.

ಈ ಅಧ್ಯಾಯಕ್ಕಾಗಿ ನಾನು 1692ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಸೇಲಂನಲ್ಲಿ ನಡೆದ ಮಾಟಗಾತಿ ವಿಚಾರಣೆಗಳ ಬಗ್ಗೆ ಓದಿದ್ದೆ. ಆರೋಪಿಯ ಛಾಯೆ ಬಂದು ತಮ್ಮನ್ನು ಹಿಂಸಿಸಿತೆಂದು ದೂರುದಾರರು ಹೇಳಿದರೆ, ಆ ಛಾಯೆ ಬೇರೆ ಯಾರ ಕಣ್ಣಿಗೂ ಬೀಳದಿದ್ದರೂ, ನ್ಯಾಯಾಲಯ ಅದನ್ನು ಸಾಕ್ಷ್ಯವೆಂದು ಸ್ವೀಕರಿಸುತ್ತಿತ್ತು. ಗಲ್ಲಿಗೇರಿದವರು 19 ಜನ. ಅವರಲ್ಲಿ ರೆಬೆಕಾ ನರ್ಸ್ ಎಂಬ 71 ವರ್ಷದ ವೃದ್ಧೆಯನ್ನು ಜ್ಯೂರಿ ಮೊದಲು ನಿರ್ದೋಷಿ ಎಂದೇ ಹೇಳಿತ್ತು. ಮರುಯೋಚನೆಗೆಂದು ನ್ಯಾಯಾಧೀಶರು ತಿರುಗಿ ಕಳುಹಿಸಿದ ಮೇಲೆ, ಆಕೆ ಹಿಂದೆ ಆಡಿದ್ದ ಒಂದು ಮಾತಿನ ಅರ್ಥವೇನೆಂದು ಜ್ಯೂರಿಯವರು ವಿಚಾರಿಸಿದರು, ಉತ್ತರ ಬರಲಿಲ್ಲ, ಆ ಮೌನವೇ ಅವರಿಗೆ ಮುಳುವಾಯಿತು. ತಮಗೆ ಕಿವಿ ಮಂದವೆಂದೂ ದುಃಖದಲ್ಲಿ ಮುಳುಗಿದ್ದೆನೆಂದೂ ಅವರು ಆಮೇಲೆ ತಿಳಿಸಿದರೂ ಪ್ರಯೋಜನವಾಗಲಿಲ್ಲ. ನನ್ನ ಕಥೆಯ ಮುದುಕಿಗೂ ಅದಕ್ಕಾಗಿಯೇ ಕಿವಿ ಕೇಳಿಸುವುದಿಲ್ಲ.

ಎರಡನೆಯ ಪುಟದಲ್ಲಿ ಗೆಳತಿ ಕೈ ಎತ್ತಿ ತಡೆದರು. “ನ್ಯಾಯಾಧೀಶರು ‘ಕೇಳಿದರು’, ಮುದುಕಿ ‘ಗೊಣಗಿದಳು’. ಹೀಗೆ ಹೇಳುತ್ತಿರುವವರು ಯಾರು? ಊರಿನವರೋ, ನೀವೋ?”

ಊರಿನವರು ಎನ್ನಲು ಬಾಯಿ ತೆರೆದೆ. ಆದರೆ ಅದು ಸಂಭಾಷಣೆಯಾಗಿರಲಿಲ್ಲ, ನಿರೂಪಣೆಯಾಗಿತ್ತು. ಪೆನ್ಸಿಲ್ ಹಿಡಿದು ಹಾಳೆಗಳನ್ನು ಮತ್ತೆ ತಿರುವಿದಾಗ ಕಂಡದ್ದನ್ನು ಹೇಳಲು ಈಗಲೂ ಸಂಕೋಚವಾಗುತ್ತದೆ. ನ್ಯಾಯಾಧೀಶರು ಬಂದರು, ಕುಳಿತರು, ನುಡಿದರು. ಮುದುಕಿ ನುಸುಳಿದಳು, ಕುಕ್ಕರಿಸಿದಳು, ಒದರಿದಳು. ಆರೋಪ ಓದುವುದಕ್ಕೂ ಮೊದಲೇ ನನ್ನ ಕ್ರಿಯಾಪದಗಳು ತೀರ್ಪು ಕೊಟ್ಟಾಗಿತ್ತು. ಇನ್ನೂ ವಿಚಿತ್ರವೆಂದರೆ, ಟಿಪ್ಪಣಿ ಪುಸ್ತಕದಲ್ಲಿ ರೆಬೆಕಾ ನರ್ಸ್ ಅವರನ್ನು ನಾನು ಉದ್ದಕ್ಕೂ ‘ಅವರು’ ಎಂದೇ ಕರೆದಿದ್ದೆ. ಅದೇ ಹೆಂಗಸಿಗೆ ಹರಕು ಸೀರೆ ಉಡಿಸಿ, ಕುಲ ಬದಲಿಸಿ ಕಥೆಯೊಳಗೆ ತಂದ ಕೂಡಲೇ ‘ಅವಳು’ ಆಗಿಬಿಟ್ಟಿದ್ದಳು.

ಎಲ್ಲರಿಗೂ ಏಕವಚನವನ್ನೇ ಹಂಚಿಬಿಡುವುದು ಸುಲಭದ ದಾರಿ ಎನಿಸಿತು. ‘ನ್ಯಾಯಾಧೀಶನು ಕೇಳಿದನು’ ಎಂದು ಬರೆದೆ. ಕೈ ಅಳುಕಿತು, ಅಲ್ಲಿರುವುದು ನಾನೇ ಕಟ್ಟಿದ ಮನುಷ್ಯ, ಕ್ರೂರಿ ಎಂದು ಗೊತ್ತಿದ್ದೂ ಅಳುಕಿತು. ಅದನ್ನು ಹೊಡೆದುಹಾಕಿ ಮುದುಕಿಗೇ ಬಹುವಚನ ಕೊಡುತ್ತಾ ಹೋದೆ. ಆಗ ಗುಂಪಿನಿಂದ ತೂರಿಬರುವ ‘ಏನೇ, ಬಾಯಿ ಬಿಡೇ’ ಎಂಬ ಮಾತು ಮೊದಲ ಬಾರಿಗೆ ಕಿವಿಗೆ ಒರಟಾಗಿ ಬಡಿಯಿತು. ಅಲ್ಲಿಯವರೆಗೆ ಅದು ನಿರೂಪಣೆಯ ಧಾಟಿಯಲ್ಲೇ ಕರಗಿಹೋಗುತ್ತಿತ್ತು.

ಕತ್ತಲಾಗುವ ಹೊತ್ತಿಗೆ ಅಧ್ಯಾಯದ ನಡುವಿನ ಸಾಲುಗಳು ಹೀಗಿದ್ದವು: ‘ನ್ಯಾಯಾಧೀಶರು ಮತ್ತೊಮ್ಮೆ ಕೇಳಿದರು. ಅವರಿಗೆ ಕೇಳಿಸಲಿಲ್ಲ.’

ಕೇಳಿಸದಿದ್ದದ್ದು ಯಾರಿಗೆ, ಮುದುಕಿಗೋ ನ್ಯಾಯಾಧೀಶರಿಗೋ, ಗೊಂದಲವಾಗುತ್ತದೆ ಎಂದರು ಗೆಳತಿ. ಆ ಸಾಲನ್ನು ನಾನು ತಿದ್ದಲಿಲ್ಲ.