ಪುನರ್ಜನ್ಮ ಎರಡು ಕಡೆಯೂ ಉಂಟು, ಮತ್ತೆ ಹುಟ್ಟುವುದು ಯಾರು?

ಕರ್ಮ, ಸಂಸಾರ, ಪುನರ್ಜನ್ಮ, ಬಿಡುಗಡೆ: ಇವು ಹಿಂದೂ ದರ್ಶನಗಳಲ್ಲೂ ಇವೆ, ಬೌದ್ಧ ಧರ್ಮದಲ್ಲೂ ಇವೆ. ಹಾಗಾಗಿ ಎರಡೂ ಹೇಳುವುದು ಒಂದೇ ಎಂದು ಹಲವರು ನಂಬಿದ್ದಾರೆ. ಇನ್ನು ಕೆಲವರು, ದೇವರನ್ನು ಒಪ್ಪುವುದು ಬಿಡುವುದರಲ್ಲೇ ವ್ಯತ್ಯಾಸ ಇದೆ ಎನ್ನುತ್ತಾರೆ. ಅದೂ ನಿಲ್ಲುವ ಮಾತಲ್ಲ. ವೇದವೇ ಪರಮ ಪ್ರಮಾಣವೆಂದ ಪೂರ್ವಮೀಮಾಂಸಕರು ಜಗತ್ತಿಗೊಬ್ಬ ಸೃಷ್ಟಿಕರ್ತನನ್ನು ಒಪ್ಪಲಿಲ್ಲ. ಬೌದ್ಧ ಸೂತ್ರಗಳಲ್ಲಿ ಇಂದ್ರನೂ ಬ್ರಹ್ಮನೂ ಧಾರಾಳವಾಗಿ ಬಂದು ಹೋಗುತ್ತಾರೆ. ಆದರೆ ಅವರೂ ಆಯುಸ್ಸು ಮುಗಿದಾಗ ಸಾಯುವವರೇ. ದಾರಿ ಕವಲೊಡೆಯುವುದು ಆತ್ಮದ ಪ್ರಶ್ನೆಯಲ್ಲಿ.

ಭಗವದ್ಗೀತೆಯ ಎರಡನೆಯ ಅಧ್ಯಾಯದ 22ನೆಯ ಶ್ಲೋಕ ಎಲ್ಲರಿಗೂ ಗೊತ್ತು: ಹಳೆಯ ಬಟ್ಟೆ ಕಳಚಿ ಹೊಸದನ್ನು ಉಡುವಂತೆ ದೇಹಿಯು, ಎಂದರೆ ದೇಹದೊಳಗಿನ ಆತ್ಮ, ಜೀರ್ಣ ಶರೀರವನ್ನು ಬಿಟ್ಟು ಬೇರೊಂದನ್ನು ಪಡೆಯುತ್ತಾನೆ. ಉಡುವವನೊಬ್ಬ ಇದ್ದೇ ಇದ್ದಾನೆ ಎಂಬುದು ಇಲ್ಲಿನ ತಳಹದಿ. ಆ ಆತ್ಮಕ್ಕೂ ಪರಮ ಸತ್ಯವಾದ ಬ್ರಹ್ಮಕ್ಕೂ ಇರುವ ಸಂಬಂಧವೇನು ಎಂಬಲ್ಲಿ ಆಚಾರ್ಯರು ಬೇರೆಯಾಗುತ್ತಾರೆ. ಶಂಕರರಿಗೆ ಎರಡೂ ಒಂದೇ, ರಾಮಾನುಜರಿಗೆ ಜೀವವು ಬ್ರಹ್ಮದ ಶರೀರ, ಮಧ್ವರಿಗೆ ಜೀವ ಮತ್ತು ಈಶ್ವರರ ಭೇದ ಎಂದೆಂದಿಗೂ ಸತ್ಯ. ಆದರೆ ಆತ್ಮ ನಿತ್ಯವೆಂಬುದರಲ್ಲಿ ಮೂವರಿಗೂ ತಕರಾರಿಲ್ಲ.

ಬುದ್ಧ ತಕರಾರು ಎತ್ತಿದ್ದು ಸರಿಯಾಗಿ ಅಲ್ಲೇ. ವಾರಾಣಸಿಯ ಬಳಿಯ ಇಸಿಪತನದಲ್ಲಿ ಐವರು ಭಿಕ್ಷುಗಳಿಗೆ ಹೇಳಿದ ಅನತ್ತಲಕ್ಖಣ ಸುತ್ತದಲ್ಲಿ, ಎಂದರೆ ಅನಾತ್ಮದ ಲಕ್ಷಣ ಕುರಿತ ಉಪದೇಶದಲ್ಲಿ, ಆತ ವ್ಯಕ್ತಿಯನ್ನು ಐದು ಸ್ಕಂಧಗಳಾಗಿ, ಎಂದರೆ ಅವನನ್ನು ರೂಪಿಸುವ ಐದು ಗುಂಪುಗಳಾಗಿ ಬಿಡಿಸುತ್ತಾನೆ: ರೂಪ (ದೇಹ), ವೇದನೆ (ಸುಖ ದುಃಖಗಳ ಅನುಭವ), ಸಂಜ್ಞೆ (ಗುರುತಿಸುವಿಕೆ), ಸಂಸ್ಕಾರ (ಸಂಕಲ್ಪ ಮೊದಲಾದ ಮನಸ್ಸಿನ ಪ್ರವೃತ್ತಿಗಳು), ವಿಜ್ಞಾನ (ಅರಿವು). ಒಂದೊಂದಕ್ಕೂ ಅದೇ ಪರೀಕ್ಷೆ. ಇದು ಆತ್ಮವಾಗಿದ್ದರೆ 'ಹೀಗಿರು, ಹಾಗಿರಬೇಡ' ಎಂದು ಆಜ್ಞೆ ಮಾಡಬಹುದಿತ್ತು, ಮಾಡಲಾಗದು. ಇದು ನಿತ್ಯವೋ ಅನಿತ್ಯವೋ? ಅನಿತ್ಯ. ಅನಿತ್ಯವಾದದ್ದು ಸುಖವೋ ದುಃಖವೋ? ದುಃಖ. ಹಾಗಾದರೆ ಅದನ್ನು 'ಇದು ನನ್ನದು, ಇದೇ ನಾನು, ಇದೇ ನನ್ನ ಆತ್ಮ' ಎನ್ನುವುದು ಯುಕ್ತವೇ?

ಇದರ ಪಕ್ಕದಲ್ಲಿ ತೈತ್ತಿರೀಯ ಉಪನಿಷತ್ತಿನ ಐದು ಕೋಶಗಳನ್ನು, ಎಂದರೆ ಆತ್ಮದ ಮೇಲಿನ ಹೊದಿಕೆಗಳನ್ನು, ಇಟ್ಟು ನೋಡಬೇಕು: ಅನ್ನಮಯ, ಪ್ರಾಣಮಯ, ಮನೋಮಯ, ವಿಜ್ಞಾನಮಯ, ಆನಂದಮಯ. ಅದ್ವೈತಿಗಳ ಸಾಧನೆಯಲ್ಲೂ ಒಂದೊಂದನ್ನೇ 'ಇದು ನಾನಲ್ಲ' ಎಂದು ಬದಿಗಿಡುತ್ತಾರೆ. ಕೆಲಸದ ರೀತಿ ಬೆರಗಾಗುವಷ್ಟು ಹತ್ತಿರ. ಆದರೆ ವೇದಾಂತಿಯು ಎಲ್ಲವನ್ನೂ ತಳ್ಳಿ ಉಳಿಯುವ ಸಾಕ್ಷಿಯನ್ನು, ಎಂದರೆ ಎಲ್ಲವನ್ನೂ ನೋಡುವ ಆತ್ಮವನ್ನು, ಹುಡುಕುತ್ತಾನೆ. ಬೌದ್ಧ ಸಾಧಕ ಉಳಿಯುವುದೊಂದನ್ನು ಹುಡುಕುವ ಹಂಬಲವನ್ನೂ ತೃಷ್ಣೆಯೆಂದು ಗುರುತಿಸುತ್ತಾನೆ. ಎರಡೂ ಧರ್ಮಗಳನ್ನು ಅರಿಯಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆತ್ಮವಿಲ್ಲದಿದ್ದರೆ ಮತ್ತೆ ಹುಟ್ಟುವುದು ಯಾರು? ಸಾತಿ ಎಂಬ ಭಿಕ್ಷು 'ಇದೇ ವಿಜ್ಞಾನ ಬದಲಾಗದೆ ಜನ್ಮದಿಂದ ಜನ್ಮಕ್ಕೆ ಹರಿಯುತ್ತದೆ' ಎಂದುಕೊಂಡಿದ್ದ. ಆತ್ಮವನ್ನು ಮುಂಬಾಗಿಲಿನಿಂದ ಕಳಿಸಿ ಹಿಂಬಾಗಿಲಿನಿಂದ ಕರೆತರುವ ಈ ತಪ್ಪು ಇಂದಿಗೂ ಬಹಳ ಸಾಮಾನ್ಯ. ಬುದ್ಧ ಅವನನ್ನು ಗದರಿದ್ದು ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ 38ನೆಯ ಸುತ್ತದಲ್ಲಿದೆ: ವಿಜ್ಞಾನವೂ ಕಾರಣಗಳಿಂದ ಹುಟ್ಟುವಂಥದ್ದು, ಕಣ್ಣು ಮತ್ತು ರೂಪ ಕೂಡಿದಾಗ ಕಣ್ಣಿನ ವಿಜ್ಞಾನ, ಕಿವಿ ಮತ್ತು ಶಬ್ದ ಕೂಡಿದಾಗ ಕಿವಿಯ ವಿಜ್ಞಾನ. ಇದಕ್ಕೆ ಎದುರಾದ ತಪ್ಪೂ ಒಂದುಂಟು: ಆತ್ಮವಿಲ್ಲವೆಂದ ಮೇಲೆ ಸಾವಿಗೇ ಎಲ್ಲ ಮುಗಿಯಿತು ಎನ್ನುವುದು. ಅದನ್ನು ಬುದ್ಧ ಉಚ್ಛೇದವಾದವೆಂದು ತಳ್ಳಿಹಾಕಿದ. ಮತ್ತೆ ಹುಟ್ಟುವವ ಅವನೇ ಅಥವಾ ಬೇರೆಯವನೇ ಎಂದು ಕೇಳಿದ ಮಿಲಿಂದ ಅರಸನಿಗೆ ಭಿಕ್ಷು ನಾಗಸೇನ ಕೊಟ್ಟ ಉತ್ತರ ನೆನೆಯಬೇಕು. ರಾತ್ರಿಯಿಡೀ ಉರಿದ ದೀಪದ ಮೊದಲ ಜಾವದ ಜ್ವಾಲೆಯೂ ಕೊನೆಯ ಜಾವದ ಜ್ವಾಲೆಯೂ ಒಂದೇ ಅಲ್ಲ, ಬೇರೆಯೂ ಅಲ್ಲ. ಈ ಉತ್ತರ ಬೌದ್ಧರೆಲ್ಲರಿಗೂ ಸಾಕಾಗಲಿಲ್ಲ ಎನ್ನುವುದನ್ನೂ ಹೇಳಬೇಕು. ವಾತ್ಸೀಪುತ್ರೀಯರು ಎಂಬ ಬೌದ್ಧ ಪಂಥದವರು ಸ್ಕಂಧಗಳೂ ಅಲ್ಲದ, ಅವಕ್ಕಿಂತ ಬೇರೆಯೂ ಅಲ್ಲದ 'ಪುದ್ಗಲ' (ವ್ಯಕ್ತಿ) ಒಂದಿದೆ ಎಂದು ವಾದಿಸಿದರು, ಉಳಿದ ಪಂಥಗಳು ಅವರನ್ನು ಕಟುವಾಗಿ ಖಂಡಿಸಿದವು.

ಕರ್ಮದ ಅರ್ಥವೂ ಇದರೊಂದಿಗೆ ಬದಲಾಗುತ್ತದೆ. ಅಂಥದೇ ಇನ್ನೊಂದು ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಬುದ್ಧ, ಚೇತನೆಯನ್ನೇ, ಎಂದರೆ ಸಂಕಲ್ಪವನ್ನೇ ಕರ್ಮವೆನ್ನುತ್ತೇನೆ ಎಂದ. ಅರಿಯದೆ ಇರುವೆಯನ್ನು ತುಳಿದರೆ ಅದು ಕೊಂದ ಕರ್ಮವಾಗುವುದಿಲ್ಲ. ಯಜ್ಞವನ್ನು ವಿಧಿಯಂತೆ ಮಾಡಿದಾಗ 'ಅಪೂರ್ವ' ಎಂಬ ಶಕ್ತಿ ಹುಟ್ಟಿ ಫಲ ಕೊಡುತ್ತದೆ ಎನ್ನುವ ಮೀಮಾಂಸಕರಿಗೆ ಕ್ರಿಯೆಯ ಪಾಲು ದೊಡ್ಡದು. ವೇದಾಂತದಲ್ಲಿ ಕರ್ಮ ಮೂರು ಬಗೆ: ಕೂಡಿಟ್ಟ ಸಂಚಿತ, ಫಲ ಕೊಡಲು ತೊಡಗಿದ ಪ್ರಾರಬ್ಧ, ಈಗ ಮಾಡುತ್ತಿರುವ ಆಗಾಮಿ. ಅದ್ವೈತದ ಪ್ರಕಾರ ಜ್ಞಾನ ಬಂದಾಗ ಸಂಚಿತ ಸುಟ್ಟುಹೋಗುತ್ತದೆ, ಆಗಾಮಿ ಅಂಟುವುದಿಲ್ಲ, ಪ್ರಾರಬ್ಧವನ್ನು ಮಾತ್ರ ಉಂಡೇ ತೀರಿಸಬೇಕು. ಬದುಕಿರುವಾಗಲೇ ಬಿಡುಗಡೆ ಪಡೆದ ಜೀವನ್ಮುಕ್ತನ ದೇಹ ಉಳಿದಿರುವುದು ಅದಕ್ಕೇ.

ಎರಡು ಕಡೆಯೂ ಜನರು ಎಡವುವುದು ಕರ್ಮವನ್ನು ಹಣೆಬರಹವೆಂದು ಓದುವಲ್ಲಿ. ಆಗಾಮಿ ನಮ್ಮ ಕೈಯಲ್ಲಿಲ್ಲದಿದ್ದರೆ 'ಇದನ್ನು ಮಾಡು, ಅದನ್ನು ಬಿಡು' ಎನ್ನುವ ಶಾಸ್ತ್ರಕ್ಕೇ ಅರ್ಥವಿಲ್ಲ. ಅನುಭವಿಸುವುದೆಲ್ಲ ಹಿಂದಿನ ಕರ್ಮದ ಫಲವೇ ಎಂದು ಸೀವಕ ಎಂಬ ಪರಿವ್ರಾಜಕ (ಊರೂರು ತಿರುಗುವ ಸಂನ್ಯಾಸಿ) ಕೇಳಿದಾಗ ಬುದ್ಧ ಎಂಟು ಕಾರಣ ಎಣಿಸಿದ: ಪಿತ್ತ, ಕಫ, ವಾತ, ಮೂರೂ ಕೂಡಿದ ಸನ್ನಿಪಾತ, ಋತುವಿನ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು. ಕರ್ಮವಿಪಾಕ, ಎಂದರೆ ಕರ್ಮದ ಫಲ, ಬರುವುದು ಎಂಟನೆಯದಾಗಿ.