ಹಳೆ ಡಬ್ಬ ಯಾಕೆ ಬಿಸಾಡಿಲ್ಲ ಅಂದ್ರೆ

"ಮಾವಾ, ಆ ಹಳೆ ಡಬ್ಬ ಬಿಸಾಡಿ, ಎಲ್ಲಾ ಕ್ಲೌಡ್‌ಗೆ ಹಾಕಿ." ಇಂಜಿನಿಯರಿಂಗ್ ಓದುವ ನನ್ನ ಅಳಿಯ ಕಾಸರಗೋಡಿನ ಬದಿಯಡ್ಕಕ್ಕೆ ಬಂದಾಗಲೆಲ್ಲ ನನ್ನ ಡಿಟಿಪಿ ಅಂಗಡಿಯಲ್ಲಿ ಕೂತು ಇದನ್ನೇ ಹೇಳುತ್ತಾನೆ. ಡಬ್ಬ ಅಂದರೆ ನನ್ನ ಹಳೆ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರು.

ಅರ್ಧ ಸರಿ. ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ ಬಂತು ಅಂದರೆ ನನಗೂ ಗೂಗಲ್ ಡಾಕ್ಸೇ ಬೇಕು. ಸಮಿತಿಯವರು ಕೆಲವರು ದುಬೈಯಲ್ಲಿ, ಕೆಲವರು ಮುಂಬೈಯಲ್ಲಿ. ಮೊದಲೆಲ್ಲ ಪ್ರೂಫ್ ವಾಟ್ಸಾಪಿಗೆ ಹಾಕಿದರೆ ಒಬ್ಬೊಬ್ಬರದು ಒಂದೊಂದು ತಿದ್ದುಪಡಿ, ಅದೂ ವಾಯ್ಸ್ ಮೆಸೇಜಿನಲ್ಲಿ! ಈಗ ಲಿಂಕ್ ಕಳಿಸಿದರೆ ಆಯಿತು. ಇನಿಶಿಯಲ್ಲು, ಯಾರ ಹೆಸರು ಮೇಲೆ ಎಂಬ ಜಗಳ, ಎಲ್ಲ ಅಲ್ಲೇ ಮುಗಿಯುತ್ತದೆ. ಯಾರು ಏನು ತಿದ್ದಿದರು ಅಂತಲೂ ಅದರಲ್ಲೇ ಕಾಣುತ್ತದೆ.

ಆದರೆ ನನ್ನ ಹಳೆ ಫೈಲುಗಳೆಲ್ಲ ಪೇಜ್‌ಮೇಕರ್ 7 ಎಂಬ ಪುಟ ಜೋಡಿಸುವ ಹಳೆ ಸಾಫ್ಟ್‌ವೇರಿನಲ್ಲಿ, ಹಳೆ ನುಡಿ ಫಾಂಟಿನಲ್ಲಿವೆ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದು: ಒತ್ತು ಬೇರೆ, ಕೊಂಬು ಬೇರೆ. ಆ ಮ್ಯಾಟರನ್ನು ಡಾಕ್ಸಿಗೆ ಪೇಸ್ಟ್ ಮಾಡಿ ನೋಡಿ, ತಲೆ ಮೇಲೆ ಗೀರು, ಸೊನ್ನೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಕನ್ವರ್ಟರ್ ಇದೆ, ಸರಿ. ಆಮೇಲೆ ಅರ್ಕಾವೊತ್ತು, ಒತ್ತಕ್ಷರ ಎಲ್ಲ ಸರಿ ಬಂದಿದೆಯಾ ಅಂತ ಒಂದೊಂದು ಸಾಲೂ ಕಣ್ಣಿಟ್ಟು ನೋಡುವವರು ಯಾರು? ಪೇಜ್‌ಮೇಕರ್ ಫೈಲನ್ನು ಗೂಗಲ್ ಡ್ರೈವಿಗೆ ಹಾಕಬಹುದು. ಅಲ್ಲಿ ಅದು ಸುಮ್ನೆ ಬಿದ್ದಿರುತ್ತದೆ, ತೆರೆಯುವುದಿಲ್ಲ.

ಇನ್ನು ಸಾಫ್ಟ್‌ವೇರಿನ ಬಾಡಿಗೆ. ಪೇಜ್‌ಮೇಕರಿನ ಜಾಗಕ್ಕೆ ಬಂದದ್ದು ಇನ್‌ಡಿಸೈನ್. 2013ರಿಂದ ಅದರ ಹೊಸ ಆವೃತ್ತಿಗಳು ಚಂದಾ ಕಟ್ಟಿದವರಿಗೆ ಮಾತ್ರ. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಅಂಗಡಿಯಲ್ಲಿ ನೊಣ ಹೊಡೆಯುವ ಕಾಲ. ಚಂದಾಕ್ಕೆ ಆಟಿ ಗೊತ್ತಿಲ್ಲವಲ್ಲ! ಗೂಗಲ್ಲಿನ ಪುಕ್ಕಟೆ 15 ಜಿಬಿಯಲ್ಲೇ ಜಿಮೇಲ್, ಫೋಟೋ ಎಲ್ಲ ಸೇರಿದೆ. ದೇವಸ್ಥಾನದ ದೊಡ್ಡ ದೊಡ್ಡ ಫೋಟೋ ಹಾಕುತ್ತಾ ಹೋದರೆ ಎಷ್ಟು ದಿನ ಬಂದೀತು?

ತುಲಾ ಮಾಸದಲ್ಲಿ (ಅಕ್ಟೋಬರ್-ನವೆಂಬರ್) ಮಧ್ಯಾಹ್ನದ ಮೇಲೆ ಗುಡುಗು ಶುರುವಾದರೆ ರೌಟರಿನ ಪ್ಲಗ್ಗೇ ತೆಗೆದಿಡುತ್ತೇನೆ. ಡಾಕ್ಸಿಗೆ ಆಫ್‌ಲೈನ್ ಇದೆ ಅನ್ನುತ್ತಾನೆ ಅಳಿಯ. ಇದೆ, ಮೊದಲೇ ಆನ್ ಮಾಡಿಟ್ಟಿದ್ದರೆ. ಸಿಡಿಲಿಗೆ ಡೆಸ್ಕ್‌ಟಾಪ್ ಸುಟ್ಟರೆ ಏನು ಮಾಡ್ತೀರಿ ಅಂತಲೂ ಕೇಳುತ್ತಾನೆ. ಆ ಮಾತು ಒಪ್ಪಲೇಬೇಕು. ಅದಕ್ಕೇ ಪಿಡಿಎಫ್‌ಗಳೆಲ್ಲ ಡ್ರೈವಿನಲ್ಲಿ, ಮೂಲ ಫೈಲುಗಳ ಇನ್ನೊಂದು ಪ್ರತಿ ಮನೆಯ ಕಪಾಟಿನ ಹಾರ್ಡ್‌ಡಿಸ್ಕಿನಲ್ಲಿ.

ಎಕ್ಸ್‌ಪಿ ಮೆಷಿನಿಗೆ ಮಾತ್ರ ನೆಟ್ ಕೊಟ್ಟಿಲ್ಲ. 2014ರಲ್ಲೇ ಮೈಕ್ರೋಸಾಫ್ಟ್ ಅದರ ಸಪೋರ್ಟ್ ನಿಲ್ಲಿಸಿದೆ. ಅದರಿಂದ ನೆಟ್ ಇರುವ ಕಂಪ್ಯೂಟರಿಗೆ ಫೈಲುಗಳ ಸಾಗಾಟ ಪೆನ್‌ಡ್ರೈವಿನಲ್ಲೇ, ವೈರಸ್ ನೋಡಿಕೊಂಡು.