ಅಂಚಿನ ಮೇಲಿನ ಮೂರು ಪದ

ನನ್ನ ನಾಣ್ಯಗಳ ಡಬ್ಬಿ ತೆರೆದಾಗಲೆಲ್ಲ ಯಾರಾದರೂ ಕೇಳುವ ಪ್ರಶ್ನೆ ಇದು: "ಇವುಗಳ ಮೇಲೆ ಲ್ಯಾಟಿನ್‌ನಲ್ಲಿ ಏನೇನೋ ಬರೆದಿದೆಯಲ್ಲ, ಅದರಲ್ಲಿ ನಿಮಗೆ ತುಂಬಾ ಇಷ್ಟ ಆಗಿದ್ದು ಯಾವುದು?" ನೆಂಟರು ಕೇಳಿದ್ದಾರೆ, ನಾಣ್ಯ ಮೇಳದಲ್ಲಿ ಪಕ್ಕ ನಿಂತವರು ಕೇಳಿದ್ದಾರೆ. ನಿಂತಲ್ಲೇ ಹೇಳಿ ಮುಗಿಸುವ ಉತ್ತರ ಅಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಇಷ್ಟ ಆಗಿದ್ದು 'ಡೆಕಸ್ ಎಟ್ ಟುಟಾಮೆನ್'. ಅಂದಕ್ಕೂ ಆಯಿತು, ಕಾವಲಿಗೂ ಆಯಿತು ಅಂತ ಅರ್ಥ.

ಈ ಬರಹ ರಾಜನ ಮುಖದ ಸುತ್ತ ಇರುವುದಿಲ್ಲ. ನಾಣ್ಯದ ಅಂಚಿನ ಮೇಲೆ ಇರುತ್ತದೆ. ನನ್ನ ಹತ್ತಿರ ಇಂಗ್ಲೆಂಡಿನ ಹಳೆಯ ದುಂಡನೆಯ ಒಂದು ಪೌಂಡ್ ಇದೆ. ಅದನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಚಕ್ರದ ಹಾಗೆ ನಿಧಾನಕ್ಕೆ ತಿರುಗಿಸಿದರೆ ಒಂದೊಂದೇ ಅಕ್ಷರ ಮೇಲೆ ಬರುತ್ತದೆ. ಉಗುರಿಗೆ ತಗ್ಗು ಸಿಗುತ್ತದೆ. ಕಣ್ಣು ಮುಚ್ಚಿಕೊಂಡರೂ ಗೊತ್ತಾಗುತ್ತದೆ.

ಅಲ್ಲಿ ಯಾಕೆ ಬರೆದರು ಅನ್ನುವುದರಲ್ಲೇ ಇದರ ಸೊಗಸು ಇದೆ. ಹಿಂದಿನ ಕಾಲದಲ್ಲಿ ನಾಣ್ಯದ ಬೆಲೆ ಅಂದರೆ ಅದರೊಳಗಿನ ಬೆಳ್ಳಿ, ಚಿನ್ನದ ಬೆಲೆ. ಸುತ್ತಿಗೆಯಲ್ಲಿ ಬಡಿದು ಮಾಡಿದ ನಾಣ್ಯ ಪೂರ್ತಿ ದುಂಡಗೆ ಇರುತ್ತಿರಲಿಲ್ಲ. ಕಳ್ಳರು ಅಂಚನ್ನು ಚೂರು ಕತ್ತರಿಸಿಯೋ ಹೆರೆದೋ ಬೆಳ್ಳಿ ಕೂಡಿಸಿಕೊಂಡು, ಉಳಿದ ನಾಣ್ಯವನ್ನು ಪೂರ್ತಿ ಬೆಲೆಗೆ ದಾಟಿಸುತ್ತಿದ್ದರು. ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್ ಕಾಲದಲ್ಲಿ, 1662ರಲ್ಲಿ, ಯಂತ್ರದಲ್ಲಿ ಅಚ್ಚು ಹಾಕಿದ ಬೆಳ್ಳಿಯ ಕ್ರೌನ್ ನಾಣ್ಯ ಬಂತು. ಅದರ ಅಂಚಿನಲ್ಲಿ ಈ ಮೂರು ಪದ ಇದ್ದವು. ಈಗ ಹೆರೆದರೆ ಅಕ್ಷರ ಹೋಗುತ್ತದೆ, ಕಳ್ಳತನ ಬಯಲಾಗುತ್ತದೆ. ಕಾವಲು ಅನ್ನುವ ಪದವೇ ಕಾವಲು ಕಾಯುತ್ತದೆ! ಮೊದಲ ಸಲ ಇದು ತಿಳಿದಾಗ ನಾನು ಎದ್ದು ಹೋಗಿ ಮನೆಯಲ್ಲಿದ್ದ ಹಳೆಯ ಬೆಳ್ಳಿ ರೂಪಾಯಿಯ ಅಂಚನ್ನು ಸವರಿ ನೋಡಿದ್ದೆ. ಆ ಸಣ್ಣ ಗೆರೆಗಳೂ ಅದೇ ಕೆಲಸಕ್ಕೆ ಬಂದವು.

ಪದಗಳು ರೋಮಿನ ಕವಿ ವರ್ಜಿಲ್‌ನ 'ಈನಿಡ್' ಕಾವ್ಯದವು. ಅಲ್ಲಿ ಹಡಗಿನ ಪಂದ್ಯದಲ್ಲಿ ಎರಡನೆಯವನಾಗಿ ಬಂದವನಿಗೆ ಚಿನ್ನದ ಎಳೆಯ ಕವಚವೊಂದು ಬಹುಮಾನವಾಗಿ ಸಿಗುತ್ತದೆ. ಆ ಕವಚಕ್ಕೆ ಹೇಳಿದ ಮಾತು ಇದು. ನಾಣ್ಯಕ್ಕೂ ಅಂಚು ಅಂದರೆ ಕವಚವೇ ಅಲ್ವಾ? 1983ರಲ್ಲಿ ಪೌಂಡ್ ನಾಣ್ಯ ಬಂದಾಗ ಇದೇ ಮಾತನ್ನು ಮತ್ತೆ ಅಂಚಿಗೆ ತಂದರು. ಅಷ್ಟು ಹೊತ್ತಿಗೆ ಅದರಲ್ಲಿ ಬೆಳ್ಳಿ ಇರಲಿಲ್ಲ, ಹೆರೆಯುವವರೂ ಇರಲಿಲ್ಲ. ಆದರೂ ಖೋಟಾ ನಾಣ್ಯ ಹಿಡಿಯಲು ಜನ ಅಂಚನ್ನೇ ನೋಡುತ್ತಿದ್ದರು. ನಕಲಿಯಲ್ಲಿ ಅಕ್ಷರಗಳು ಮಸುಕಾಗಿಯೋ ಸೊಟ್ಟಗೋ ಇರುತ್ತಿದ್ದವು. ಆ ದುಂಡು ಪೌಂಡ್ 2017ರ ಅಕ್ಟೋಬರ್‌ನಲ್ಲಿ ಚಲಾವಣೆಯಿಂದ ಹೋಯಿತು.

ಅಮೆರಿಕದ 'ಇ ಪ್ಲೂರಿಬಸ್ ಊನಮ್', ಹಲವರಿಂದ ಒಂದು, ಎಲ್ಲರಿಗೂ ಗೊತ್ತು. ಒಳ್ಳೆಯ ಮಾತೇ. ಆದರೆ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುವುದು ಪಾಂಟಿಫ್ರ್ಯಾಕ್ಟ್ ಕೋಟೆಯ ನಾಣ್ಯ. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ರಾಜ ಮೊದಲನೇ ಚಾರ್ಲ್ಸ್ ಕಡೆಯವರು ಆ ಕೋಟೆಯೊಳಗೆ ಸಿಕ್ಕಿಬಿದ್ದಿದ್ದರು. 1648ರಲ್ಲಿ ಒಳಗೇ ಶಿಲ್ಲಿಂಗ್ ಮಾಡಿಕೊಂಡರು. ದುಂಡಗೆ ಮಾಡುವಷ್ಟು ಸಮಾಧಾನ ಎಲ್ಲಿಂದ ಬರಬೇಕು? ಮೂಲೆ ಮೂಲೆಯಾಗಿ ಕತ್ತರಿಸಿದ ಬೆಳ್ಳಿಯ ಬಿಲ್ಲೆ. ಅದರ ಮೇಲೆ 'ಡಮ್ ಸ್ಪೀರೋ ಸ್ಪೇರೋ': ಉಸಿರಿರುವ ತನಕ ಆಸೆ ಇದೆ. 1649ರ ಜನವರಿ 30ರಂದು ರಾಜನ ತಲೆ ತೆಗೆದರು. ಕೋಟೆಯವರು ಆಗಲೂ ಬಿಟ್ಟುಕೊಡಲಿಲ್ಲ. ಬರಹ ಬದಲಿಸಿದರು: ತಂದೆ ಸತ್ತ ಮೇಲೆ ಮಗನಿಗಾಗಿ. ರಾಜನ ಪಕ್ಷ ಸರಿಯೋ ತಪ್ಪೋ, ಅದು ಬೇರೆ ಮಾತು. ಸುದ್ದಿ ಬಂದ ಮೇಲೆ ಹೊಸ ಅಚ್ಚು ಕೆತ್ತಲು ಕೂತ ಆ ಕೈಯನ್ನು ನೆನೆಸಿಕೊಂಡರೆ ನನಗೆ ಗಂಟಲು ಕಟ್ಟುತ್ತದೆ.

ಇನ್ನೊಂದು ಜೋಡಿ ಇದೆ. ಬೆಲೆಯಲ್ಲಿ ಏನೂ ಇಲ್ಲ, ಆದರೆ ಮನೆಗೆ ಬಂದ ಮಕ್ಕಳಿಗೆ ನಾನು ಮೊದಲು ತೋರಿಸುವುದು ಅದನ್ನೇ. ಆರನೇ ಜಾರ್ಜ್ ಕಾಲದ ಎರಡು ಕಂಚಿನ ಪೆನ್ನಿಗಳು, 1948ರದ್ದು ಒಂದು, 1949ರದ್ದು ಒಂದು. ಮುಖ ಒಂದೇ, ಅಗಲ ಒಂದೇ. ಮೊದಲನೆಯದರಲ್ಲಿ ರಾಜನ ಬಿರುದುಗಳ ಕೊನೆಗೆ 'ಎಫ್ ಡಿ ಇಂಡ್ ಇಂಪ್' ಅಂತಿದೆ. ಎಫ್ ಡಿ ಅಂದರೆ ಧರ್ಮರಕ್ಷಕ, ಪೋಪ್ 1521ರಲ್ಲಿ ಎಂಟನೇ ಹೆನ್ರಿಗೆ ಕೊಟ್ಟ ಬಿರುದು. ಇಂಡ್ ಇಂಪ್ ಅಂದರೆ ಭಾರತದ ಚಕ್ರವರ್ತಿ. ಎರಡನೆಯದರಲ್ಲಿ ಇಂಡ್ ಇಂಪ್ ಇಲ್ಲ. ನಮಗೆ ಸ್ವಾತಂತ್ರ್ಯ ಬಂತು, 1948ರ ಜೂನ್‌ನಲ್ಲಿ ರಾಜ ಆ ಬಿರುದು ಬಿಟ್ಟ, ಮುಂದಿನ ವರ್ಷದ ನಾಣ್ಯದಿಂದ ಅಕ್ಷರಗಳು ಹೋದವು. ಖಾಲಿಯಾದ ಜಾಗ ತುಂಬಬೇಕಲ್ಲ? ಎಫ್ ಡಿ ಅನ್ನುವುದನ್ನೇ 'ಫಿಡೇಯಿ ಡೆಫ್' ಅಂತ ಉದ್ದ ಮಾಡಿ ಎಳೆದು ಕೂರಿಸಿದ್ದಾರೆ.

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳಿಗೆ ಲೆನ್ಸ್ ಕೊಟ್ಟು, ಎರಡಕ್ಕೂ ಏನು ವ್ಯತ್ಯಾಸ ಹೇಳು ಅಂದೆ. ಕಿಟಕಿ ಹತ್ತಿರ ಕೂತು ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಸ್ವಲ್ಪ ಹೊತ್ತಾದ ಮೇಲೆ, "ಮಾಮ, ಇದರಲ್ಲಿ ನಾವಿಲ್ಲ!" ಅಂತ 1949ರ ಪೆನ್ನಿಯನ್ನು ಎತ್ತಿ ತೋರಿಸಿದಳು.